ಗಿಟಾರ್ ಆಂಪ್‌ನ ಪವರ್ ಟ್ಯೂಬ್: ಹೋಲಿಸುವ ಮೊದಲು ವೋಲ್ಟೇಜ್ ನೋಡಿ

ಗಿಟಾರ್ ಆಂಪ್ಲಿಫೈಯರಿನ ಕೊನೆಯ ಹಂತದಲ್ಲಿದ್ದು ಸ್ಪೀಕರನ್ನು ದುಡಿಸುವ ದೊಡ್ಡ ಗಾಜಿನ ವಾಲ್ವ್‌ಗಳೇ ಪವರ್ ಟ್ಯೂಬ್‌ಗಳು. ರೇಡಿಯೋ ರಿಪೇರಿಯ ಹಳಬರು ಔಟ್‌ಪುಟ್ ವಾಲ್ವ್ ಎನ್ನುವುದೂ ಇವನ್ನೇ. ಹಾರ್ಡ್ ರಾಕ್, ಹೆವಿ ಮೆಟಲ್ ನುಡಿಸುವವರ ಹೈ-ಗೇನ್ ಆಂಪ್‌ಗಳಲ್ಲಿ ಇವು ಸಾಮಾನ್ಯವಾಗಿ ಎರಡು ಇಲ್ಲವೇ ನಾಲ್ಕು ಇರುತ್ತವೆ. ಇಎಲ್34 ಜಾತಿಯ ಟ್ಯೂಬ್ ತೆಗೆದು 6ಎಲ್6 ಜಾತಿಯದು ಹಾಕಿದರೆ, ಒಂದು ಕಂಪನಿಯದನ್ನು ಬಿಟ್ಟು ಇನ್ನೊಂದರದ್ದು ಹಾಕಿದರೆ ನಾದ ಎಷ್ಟು ಬದಲಾಗುತ್ತದೆ ಎಂಬುದು ಗಿಟಾರ್ ವಾದಕರ ನಡುವೆ ಮುಗಿಯದ ಚರ್ಚೆ. ಬದಲಾವಣೆ ಇರುವುದು ನಿಜ. ಆದರೆ ಅದು ಸಣ್ಣದು. ಬಯಾಸ್ (ಟ್ಯೂಬ್ ಸುಮ್ಮನಿರುವಾಗ ಹರಿಯುವ ಪ್ರವಾಹದ ಹೊಂದಿಕೆ), ಸದ್ದಿನ ಮಟ್ಟ ಮತ್ತು ಮನೆಗೆ ಬರುವ ಕರೆಂಟಿನ ಏರಿಳಿತ ಅದಕ್ಕಿಂತ ದೊಡ್ಡ ಬದಲಾವಣೆ ತರುತ್ತವೆ. ಈ ಮೂರನ್ನೂ ಸಮ ಮಾಡಿಕೊಳ್ಳದೆ ನಡೆಸಿದ ಹೋಲಿಕೆಯನ್ನು ನಂಬಿ ದುಡ್ಡು ಹಾಕಬಾರದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಸುತ್ತಮುತ್ತ, ತಿಪಟೂರು, ತುರುವೇಕೆರೆಯ ತೆಂಗಿನ ಸೀಮೆಯಲ್ಲಿ ತೋಟದ ಮೋಟಾರ್‌ಗಳೊಂದಿಗೆ ಕರೆಂಟು ಹಂಚಿಕೊಳ್ಳುವ ಮನೆಗಳಲ್ಲಂತೂ ಮೊದಲು ಗಮನಿಸಬೇಕಾದದ್ದು ವೋಲ್ಟೇಜನ್ನೇ.

ಹೈ-ಗೇನ್ ಆಂಪ್‌ನ ಗಡಸು, ಒರಟು ದನಿ ಬಹುಪಾಲು ಹುಟ್ಟುವುದು ಪವರ್ ಟ್ಯೂಬ್‌ನಲ್ಲಿ ಅಲ್ಲ. ಗಿಟಾರ್‌ನಿಂದ ಬಂದ ಸಣ್ಣ ಸಿಗ್ನಲ್ಲನ್ನು 12ಎಎಕ್ಸ್7 ಎಂಬ ಪುಟ್ಟ ಪ್ರೀಆಂಪ್ ಟ್ಯೂಬ್‌ಗಳು (ಯೂರೋಪಿನ ಹೆಸರಿನಲ್ಲಿ ಇಸಿಸಿ83) ಒಂದರ ಹಿಂದೊಂದು ಮೂರು, ನಾಲ್ಕು ಹಂತಗಳಲ್ಲಿ ಹಿಗ್ಗಿಸಿ, ಪ್ರತಿ ಹಂತದಲ್ಲೂ ಅಲೆಯ ತುದಿಯನ್ನು ಕತ್ತರಿಸುತ್ತವೆ. ಪವರ್ ಟ್ಯೂಬ್‌ಗಳಿಗೆ ತಲುಪುವುದು ಹೀಗೆ ಈಗಾಗಲೇ ಒರಟಾದ ಸಿಗ್ನಲ್. ಹಾಗಾಗಿ ಪವರ್ ಟ್ಯೂಬ್ ಬದಲಿಸಿ ಗೇನ್ ಹೆಚ್ಚಿಸುತ್ತೇನೆ ಎಂದು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಪವರ್ ಟ್ಯೂಬ್ ತೀರ್ಮಾನಿಸುವುದು ಬೇರೆ ಸಂಗತಿಗಳನ್ನು: ಕೆಳಸ್ವರ ಬಿಗಿಯಾಗಿ ನಿಲ್ಲುತ್ತದೆಯೋ ಹರಡಿಕೊಳ್ಳುತ್ತದೆಯೋ, ನಡುಸ್ವರ ಮುಂದಕ್ಕೆ ಬರುತ್ತದೆಯೋ ಇಲ್ಲವೋ, ತಂತಿ ಮೀಟಿದ ಕ್ಷಣದ ಏಟು ಎಷ್ಟು ಚೂಪಾಗಿದೆ, ವಾಲ್ಯೂಮ್ ಏರಿಸಿದಾಗ ಆಂಪ್ ಎಲ್ಲಿ ದಣಿಯುತ್ತದೆ.

ಬಳಕೆಯಲ್ಲಿರುವ ಜಾತಿಗಳು

6ಎಲ್6 ಅಮೆರಿಕದ ಆರ್‌ಸಿಎ ಕಂಪನಿಯಿಂದ 1936ರಲ್ಲಿ ಬಂದ ಬೀಮ್ ಟೆಟ್ರೋಡ್. ಈಗ ಗಿಟಾರ್ ಆಂಪ್‌ಗಳಲ್ಲಿ ಬಳಸುವುದು ಅದರ ಬಲಿಷ್ಠ ರೂಪವಾದ 6ಎಲ್6ಜಿಸಿ. ಇದರ ಪ್ಲೇಟ್, ಅಂದರೆ ಎಲೆಕ್ಟ್ರಾನ್ ಬಂದು ಸೇರುವ ಲೋಹದ ಹಾಳೆ, ತಾಳಿಕೊಳ್ಳುವ ಶಾಖ 30 ವ್ಯಾಟ್, ಟ್ಯೂಬನ್ನು ಒಳಗಿನಿಂದ ಕಾಯಿಸುವ ಹೀಟರ್‌ಗೆ 6.3 ವೋಲ್ಟ್‌ನಲ್ಲಿ 0.9 ಆಂಪಿಯರ್ ಬೇಕು. ಇಎಲ್34 ಯೂರೋಪಿನ ಫಿಲಿಪ್ಸ್-ಮುಲ್ಲಾರ್ಡ್ ಬಳಗದ ನಿಜವಾದ ಪೆಂಟೋಡ್. 25 ವ್ಯಾಟ್, ಹೀಟರ್‌ಗೆ 1.5 ಆಂಪಿಯರ್. 1950ರ ದಶಕದಲ್ಲಿ ಬಂದ ಬ್ರಿಟನ್ನಿನ ಕೆಟಿ88 ಮತ್ತು ಅಮೆರಿಕದ 6550 ಗಾತ್ರದಲ್ಲೂ ಬಲದಲ್ಲೂ ದೊಡ್ಡವು. ಕೆಟಿ88ರ ಪ್ಲೇಟ್ 42 ವ್ಯಾಟ್ ತಾಳುತ್ತದೆ, ಹೀಟರ್ 1.6 ಆಂಪಿಯರ್ ಎಳೆಯುತ್ತದೆ. ಬೆರಳುದ್ದದ ಇಎಲ್84 ಚಿಕ್ಕ ಆಂಪ್‌ಗಳದು, 12 ವ್ಯಾಟ್.

ಮಾರ್ಷಲ್ ಜೆಸಿಎಂ800ರ ದನಿಗೆ ಇಎಲ್34 ಆಧಾರ. ಅದೇ ಆಂಪ್ ಅಮೆರಿಕಕ್ಕೆ ಹೋದಾಗ 6550 ಹಾಕಿಕೊಂಡು ಹೋಗುತ್ತಿತ್ತು. 1992ರ ಪೀವಿ 5150, ಮೆಸಾ ಬೂಗಿಯ ಡ್ಯುಯಲ್ ರೆಕ್ಟಿಫೈಯರ್ 6ಎಲ್6 ಮನೆತನದವು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ಹೆವಿ ಮೆಟಲ್ ತಂಡಗಳು ನುಡಿಸಿ ಹೋದವು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್‌ನಂಥ ತಂಡಗಳು ಬೆಂಗಳೂರಲ್ಲೇ ಬೆಳೆದವು. ಇಂಥ ಆಂಪ್‌ಗಳ ಮೇಲೆ ಕರ್ನಾಟಕದ ಹುಡುಗರಿಗಿರುವ ಆಸೆಗೆ ಕಾರಣ ಹುಡುಕಬೇಕಿಲ್ಲ.

ವಾಲ್ವ್ ತಯಾರಿಕೆಯೂ ಕರ್ನಾಟಕಕ್ಕೆ ಹೊಸದಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರಿಸೀವಿಂಗ್ ವಾಲ್ವ್‌ಗಳನ್ನು ಮಾಡತೊಡಗಿತು. ಬಿಇಎಲ್ ಮುದ್ರೆಯ ಇಎಲ್84, ಇಸಿಸಿ83 ವಾಲ್ವ್‌ಗಳನ್ನು ಇಂದಿಗೂ ಸಂಗೀತದ ಆಂಪ್ ಕಟ್ಟುವವರು ಹುಡುಕಿಕೊಂಡು ಕೊಳ್ಳುತ್ತಾರೆ. ಹಳೆಯ ರೇಡಿಯೋ ಅಂಗಡಿಯ ಬೀರುವಿನಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥದ್ದು ಸಿಕ್ಕರೆ ಮೊದಲು ಗಾಜಿನ ಮೇಲ್ಭಾಗ ನೋಡಬೇಕು. ಅಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಲೇಪ, ಅಂದರೆ ಗೆಟರ್, ಹಾಗೇ ಇದ್ದರೆ ಒಳಗಿನ ನಿರ್ವಾತ ಉಳಿದಿದೆ ಎಂದು ಅರ್ಥ. ಆ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಆ ವಾಲ್ವ್ ಕೆಲಸಕ್ಕೆ ಬಾರದು.

ಹೊಸದಾಗಿ ಕೊಳ್ಳುವವರು ಒಂದು ಮಾತು ನೆನಪಿಡಬೇಕು. ಇಂದು ಪವರ್ ಟ್ಯೂಬ್‌ಗಳು ಮುಖ್ಯವಾಗಿ ಬರುವುದು ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದ ಕೆಲವೇ ಕಾರ್ಖಾನೆಗಳಿಂದ. ರಷ್ಯಾದ ಸರಾತೊವ್‌ನ ಒಂದೇ ಕಾರ್ಖಾನೆಯ ಮಾಲು ಎಲೆಕ್ಟ್ರೋ-ಹಾರ್ಮೋನಿಕ್ಸ್, ಸೊವ್‌ಟೆಕ್, ಟಂಗ್-ಸೋಲ್ ಮೊದಲಾದ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಡಬ್ಬಿಯ ಮೇಲಿನ ಹೆಸರು ಬೇರೆ ಎಂದ ಮಾತ್ರಕ್ಕೆ ಕಾರ್ಖಾನೆ ಬೇರೆ ಎಂದುಕೊಳ್ಳಬಾರದು. ಆದ್ದರಿಂದ ಹೋಲಿಕೆಗೆ ಇಳಿಯುವವರು ಒಂದೇ ಜಾತಿಯ ಆರು ಬ್ರ್ಯಾಂಡ್ ತರಿಸುವ ಬದಲು, ಆಂಪ್ ಒಪ್ಪುವುದಾದರೆ, ಎರಡು ಬೇರೆ ಜಾತಿಯ ಒಂದೊಂದು ಒಳ್ಳೆಯ ಸೆಟ್ ತರಿಸುವುದು ಮೇಲು.

ಮೊದಲ ಕೆಲಸ: ಗೋಡೆಯ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್?

ಟ್ಯೂಬ್ ಆಂಪ್‌ನ ಒಳಗಿರುವ ಟ್ರಾನ್ಸ್‌ಫಾರ್ಮರ್, ಗೋಡೆಯಿಂದ 230 ವೋಲ್ಟ್ ಬರುತ್ತದೆ ಎಂದು ನಂಬಿ ಹೀಟರ್‌ಗೆ 6.3 ವೋಲ್ಟ್, ಪ್ಲೇಟ್‌ಗೆ ನಾನೂರು-ಐನೂರು ವೋಲ್ಟ್ ಕೊಡುತ್ತದೆ. ಗೋಡೆಯಲ್ಲಿ ಇಳಿದರೆ ಇವೆಲ್ಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ತ್ರೀ ಫೇಸ್ ಬಂದು ಸುತ್ತಲಿನ ತೋಟಗಳ ಮೋಟಾರ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಮನೆಯ ವೋಲ್ಟೇಜ್ 195ಕ್ಕೆ ಇಳಿಯಿತು ಎಂದುಕೊಳ್ಳೋಣ. ಆಗ ಹೀಟರ್‌ಗೆ ಸಿಗುವುದು 5.3 ವೋಲ್ಟ್ ಮಾತ್ರ, ಪ್ಲೇಟಿನ 470 ವೋಲ್ಟ್ ಸುಮಾರು 400ಕ್ಕೆ ಬರುತ್ತದೆ. ಕ್ಯಾಥೋಡ್ ಸಾಕಷ್ಟು ಕಾಯದೆ ಎಲೆಕ್ಟ್ರಾನ್ ಬಿಡುವುದು ಕಡಿಮೆಯಾಗಿ, ಆಂಪ್ ಮೆತ್ತಗೆ, ಮಂಕಾಗಿ ಕೇಳುತ್ತದೆ. ರಾತ್ರಿ ಮೋಟಾರ್‌ಗಳೆಲ್ಲ ನಿಂತ ಮೇಲೆ ಅದೇ ಪ್ಲಗ್ಗಿನಲ್ಲಿ 250 ತೋರಿಸಿದರೆ ಆಂಪ್ ಗಡುಸಾಗಿ, ಜೋರಾಗಿ ಕೇಳುತ್ತದೆ. ಸಂಜೆ ಒಂದು ಸೆಟ್ ಟ್ಯೂಬ್, ರಾತ್ರಿ ಇನ್ನೊಂದು ಸೆಟ್ ಹಾಕಿ ಕೇಳಿದವರು ಹೋಲಿಸಿದ್ದು ಟ್ಯೂಬ್‌ಗಳನ್ನಲ್ಲ, ಎರಡು ವೋಲ್ಟೇಜ್‌ಗಳನ್ನು.

ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಮತ್ತು ಪಂಪ್‌ಸೆಟ್ ಫೀಡರ್ ಬೇರೆಯಾದ ಕಡೆ ಊರೊಳಗೆ ಈ ಏರಿಳಿತ ಕಡಿಮೆ. ಪಂಪ್‌ಸೆಟ್ ಲೈನಿನಿಂದಲೇ ಕರೆಂಟು ಪಡೆಯುವ ತೋಟದ ಮನೆಗೆ ಆ ಅನುಕೂಲವಿಲ್ಲ. ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ದೀಪ ಮಿಣುಕುವ ಸಂಜೆಗಳಲ್ಲಿ ಟ್ಯೂಬ್ ಆಂಪ್ ಹಚ್ಚದಿರುವುದೇ ಸರಿ. ಕಂಬದಲ್ಲಿ ನ್ಯೂಟ್ರಲ್ ಕಳಚಿಕೊಂಡರೆ ಒಂದು ಫೇಸಿನ ಮನೆಗೆ 300 ವೋಲ್ಟ್ ದಾಟಿ ನುಗ್ಗಬಹುದು. ಟ್ಯೂಬ್‌ಗಿಂತ ಮೊದಲು ಫಿಲ್ಟರ್ ಕಂಡೆನ್ಸರ್‌ಗಳು ಹೋಗುತ್ತವೆ.

ಆದ್ದರಿಂದ ನುಡಿಸುವ ಹೊತ್ತಿನಲ್ಲೇ, ಆಂಪ್ ಆನ್ ಆಗಿರುವಾಗಲೇ ಅದೇ ಬೋರ್ಡಿನ ಇನ್ನೊಂದು ಪ್ಲಗ್ಗಿನಲ್ಲಿ ಮೀಟರ್ ಇಟ್ಟು ನೋಡಬೇಕು. ಅರ್ಧ ಗಂಟೆಯಲ್ಲಿ ಐದು ವೋಲ್ಟ್‌ಗಿಂತ ಹೆಚ್ಚು ಅಲ್ಲಾಡುತ್ತಿದ್ದರೆ ಹೋಲಿಕೆಗೆ ಅದು ಹೊತ್ತಲ್ಲ. ಫ್ರಿಜ್ಜಿಗೆ ಹಾಕುವ ರಿಲೇ ಸ್ಟೆಬಿಲೈಸರ್ ಆಂಪನ್ನು ಅಪಾಯದಿಂದ ಉಳಿಸೀತು, ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವುದರಿಂದ ಅಳತೆಯ ಕೆಲಸಕ್ಕೆ ಸಾಲದು. ಸರ್ವೋ ಸ್ಟೆಬಿಲೈಸರ್ ಒಳ್ಳೆಯದು. ಅದಿಲ್ಲದಿದ್ದರೆ ಕೈಯಲ್ಲಿ ತಿರುಗಿಸುವ ವೇರಿಯಾಕ್ ಇಟ್ಟುಕೊಂಡು, ಮೀಟರ್ ನೋಡುತ್ತಾ 230ಕ್ಕೆ ಹಿಡಿಯಬಹುದು. ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮಾತ್ರ ಬೇಡ. ಹೀಟರ್ ನೋಡುವುದು ವೋಲ್ಟೇಜಿನ ಸರಾಸರಿ ಬಲವನ್ನು, ಪ್ಲೇಟಿನ ಸಪ್ಲೈ ತುಂಬಿಕೊಳ್ಳುವುದು ಅಲೆಯ ತುದಿಯಿಂದ. ಸಾಮಾನ್ಯ 230 ವೋಲ್ಟ್ ಅಲೆಯ ತುದಿ 325 ವೋಲ್ಟ್‌ವರೆಗೆ ಏರುತ್ತದೆ. ಚೌಕಾಕಾರದ ಅಲೆಗೆ ಆ ತುದಿಯೇ ಇಲ್ಲ. ಹಾಗಾಗಿ ಹೀಟರ್ ಸರಿಯಾಗಿ ಉರಿಯುತ್ತಿದ್ದರೂ ಪ್ಲೇಟ್ ವೋಲ್ಟೇಜ್ ಬಹಳ ಕೆಳಗಿರುತ್ತದೆ, ಜೊತೆಗೆ ಗುಂಯ್ ಎನ್ನುವ ಸದ್ದು.

ಕೈ ಹಾಕುವ ಮೊದಲು

ಆಂಪ್‌ನ ಒಳಗೆ ಐನೂರು ವೋಲ್ಟ್‌ವರೆಗಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರಬಹುದು. ಇದು ಪ್ರಾಣ ತೆಗೆಯುವ ವೋಲ್ಟೇಜ್. ಟ್ಯೂಬ್ ಬದಲಿಸುವುದಕ್ಕಷ್ಟೇ ಆಂಪ್ ಬಿಚ್ಚಬೇಕಾಗಿಲ್ಲ, ಹಿಂದಿನಿಂದ ಕೈ ಹಾಕಿದರೆ ಸಾಕು. ಬಯಾಸ್ ಅಳೆಯಲು ಚಾಸಿ ಹೊರಗೆ ತೆಗೆಯಲೇಬೇಕಾದ ಆಂಪ್ ಆದರೆ ಅನುಭವವಿರುವ ಮೆಕ್ಯಾನಿಕ್ ಜೊತೆಗಿರಬೇಕು. ಪ್ಲಗ್ ಕಿತ್ತು, ಮೀಟರನ್ನು 1000 ವೋಲ್ಟ್ ಡಿಸಿಗೆ ಇಟ್ಟು ಕಂಡೆನ್ಸರ್ ಅಳೆಯಬೇಕು. ವೋಲ್ಟೇಜ್ ಉಳಿದಿದ್ದರೆ 10 ಕಿಲೋಓಮ್, 10 ವ್ಯಾಟ್‌ನ ರೆಸಿಸ್ಟರನ್ನು ಕ್ಲಿಪ್ ವೈರಿನಲ್ಲಿ ಹಾಕಿ ನೆಲಕ್ಕೆ ಇಳಿಸಬೇಕು. 100 ಮೈಕ್ರೋಫ್ಯಾರಡ್ ಕಂಡೆನ್ಸರ್ ಐದು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಆದರೂ ಮತ್ತೆ ಅಳೆದೇ ಮುಟ್ಟಬೇಕು. ಆನ್ ಆಗಿರುವಾಗ ಅಳೆಯುವುದಿದ್ದರೆ ಒಂದು ಕೈ ಬೆನ್ನ ಹಿಂದೆ, ಕಾಲಿಗೆ ರಬ್ಬರ್ ಚಪ್ಪಲಿ, ಕೆಳಗೆ ಒಣ ನೆಲ.

ಅರ್ಥಿಂಗ್ ಮರೆಯಬಾರದು. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥ್ ಗುಂಡಿ ಕೆಲಸ ಮಾಡುವುದು ನಿಂತಿರುವ ಮನೆಗಳು ಹಲವು. ಗಿಟಾರ್ ತಂತಿಗೆ ಕೈ, ಇನ್ನೊಂದು ಲೈನಿನ ಮೈಕಿಗೆ ತುಟಿ ತಾಗುವ ವೇದಿಕೆಯಲ್ಲಿ ಅರ್ಥ್ ಇಲ್ಲದಿದ್ದರೆ ಹೊಡೆಯುವ ಶಾಕ್ ಸಣ್ಣದಲ್ಲ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಯೇ ಕೆಲಸ ಶುರುಮಾಡಬೇಕು.

ಸ್ಪೀಕರ್ ಸೇರಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಬಾರದು. ಲೋಡ್ ಇಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಸುರುಳಿಯ ಇನ್ಸುಲೇಷನ್ ಸುಟ್ಟುಹೋಗುತ್ತದೆ, ಅದು ಟ್ಯೂಬ್‌ಗಿಂತ ಎಷ್ಟೋ ಪಾಲು ದುಬಾರಿ ನಷ್ಟ.

ಯಾವುದು ಯಾವುದಕ್ಕೆ ಹೊಂದುತ್ತದೆ

6ಎಲ್6, ಇಎಲ್34, ಕೆಟಿ88, 6550 ಎಲ್ಲವೂ ಒಂದೇ ಎಂಟು ಪಿನ್ನಿನ ಸಾಕೆಟ್ಟಿನಲ್ಲಿ ಕೂರುತ್ತವೆ. ಕೂರುತ್ತದೆ ಎಂದು ಹಾಕಿಬಿಟ್ಟರೆ ಆಂಪ್ ಸುಡಬಹುದು. ಮೂರು ವಿಷಯ ನೋಡಬೇಕು. ಮೊದಲನೆಯದು ಹೀಟರ್ ಪ್ರವಾಹ. ನಾಲ್ಕು 6ಎಲ್6ಜಿಸಿ ಹೀಟರ್‌ಗಳಿಗೆ 3.6 ಆಂಪಿಯರ್ ಸಾಕು. ನಾಲ್ಕು ಇಎಲ್34ಕ್ಕೆ 6 ಆಂಪಿಯರ್ ಬೇಕು. ಟ್ರಾನ್ಸ್‌ಫಾರ್ಮರ್ ಅಷ್ಟು ಕೊಡಲಾರದಿದ್ದರೆ ಕಾದು ಕಾದು ಹೋಗುತ್ತದೆ. ಎರಡನೆಯದು ಒಂದನೇ ಪಿನ್. ಇಎಲ್34ರಲ್ಲಿ ಅದು ಸಪ್ರೆಸರ್ ಗ್ರಿಡ್. ಅದನ್ನು ಎಂಟನೇ ಪಿನ್ನಿನ ಕ್ಯಾಥೋಡ್‌ಗೆ ಜೋಡಿಸಿರಬೇಕು. 6ಎಲ್6ಗಾಗಿ ಮಾಡಿದ ಕೆಲವು ಆಂಪ್‌ಗಳಲ್ಲಿ ಒಂದನೇ ಪಿನ್ ಖಾಲಿ ಎಂದು ಅಲ್ಲಿಗೆ ಬೇರೆ ರೆಸಿಸ್ಟರ್ ಬೆಸೆದಿರುತ್ತಾರೆ. ಅಂಥ ಸಾಕೆಟ್ಟಿಗೆ ವೈರಿಂಗ್ ಬದಲಿಸದೆ ಇಎಲ್34 ಹಾಕುವಂತಿಲ್ಲ. ಮೂರನೆಯದು ಬಯಾಸ್: 6ಎಲ್6ಗೆ ಕಂಟ್ರೋಲ್ ಗ್ರಿಡ್ ಮೇಲೆ ಇಎಲ್34ಗಿಂತ ಹೆಚ್ಚು ಋಣ ವೋಲ್ಟೇಜ್ ಬೇಕು. ಆಂಪ್‌ನ ಬಯಾಸ್ ಪಾಟ್, ಅಂದರೆ ಬಯಾಸ್ ಹೊಂದಿಸಲು ತಿರುಗಿಸುವ ರೆಸಿಸ್ಟರ್, ಎರಡಕ್ಕೂ ತಲುಪಬೇಕು.

ಡ್ಯುಯಲ್ ರೆಕ್ಟಿಫೈಯರ್ ಆಂಪ್‌ನ ಬೆನ್ನಿಗೆ 6ಎಲ್6, ಇಎಲ್34 ಎಂದು ಬದಲಿಸುವ ಸ್ವಿಚ್ಚೇ ಇದೆ; ಹೋಲಿಕೆಗೆ ಅದು ಅನುಕೂಲ. ಮೊದಲ 5150ರಲ್ಲಿ ಬಯಾಸ್ ತಿರುಗಿಸುವ ಪಾಟ್ ಇಲ್ಲ, ಅದರಲ್ಲಿ 6ಎಲ್6 ಜಾತಿಯೊಳಗೇ ಹೋಲಿಸಬೇಕು. ಕೈಪಿಡಿ ಒಪ್ಪದ ಜಾತಿಯನ್ನು ಕುತೂಹಲಕ್ಕೂ ಹಾಕಬಾರದು.

ಬಯಾಸ್ ಸಮ ಮಾಡುವ ಲೆಕ್ಕ

ಸದ್ದಿಲ್ಲದೆ ಸುಮ್ಮನಿರುವಾಗ ಪವರ್ ಟ್ಯೂಬಿನಲ್ಲಿ ಎಷ್ಟು ಪ್ರವಾಹ ಹರಿಯುತ್ತದೆ ಎಂಬುದನ್ನು ತೀರ್ಮಾನಿಸುವುದೇ ಬಯಾಸ್. ಕಡಿಮೆ ಹರಿದರೆ ದನಿ ತಣ್ಣಗೆ, ಒಣಗಿದಂತೆ, ಬಿರುಸಾಗಿ ಇರುತ್ತದೆ. ಹೆಚ್ಚು ಹರಿದರೆ ತುಂಬಿಕೊಂಡು, ಮೃದುವಾಗಿ ಕೇಳುತ್ತದೆ, ಟ್ಯೂಬಿನ ಆಯುಸ್ಸು ಕಡಿಮೆಯಾಗುತ್ತದೆ. ಒಂದೇ ಇಎಲ್34 ಸೆಟ್ಟನ್ನು ತಣ್ಣಗೆ ಒಮ್ಮೆ, ಬಿಸಿಯಾಗಿ ಒಮ್ಮೆ ಬಯಾಸ್ ಮಾಡಿ ಕೇಳಿಸಿದರೆ ಎರಡು ಬೇರೆ ಕಂಪನಿಯ ಟ್ಯೂಬ್ ಎಂದೇ ಹಲವರು ಹೇಳಿಬಿಡುತ್ತಾರೆ. ಆದ್ದರಿಂದ ಹೋಲಿಸುವ ಎಲ್ಲ ಸೆಟ್‌ಗಳನ್ನೂ ಅವುಗಳ ಪ್ಲೇಟ್ ಮಿತಿಯ ಒಂದೇ ಶೇಕಡಾವಾರಿಗೆ ಇಡಬೇಕು. ಟ್ಯೂಬ್‌ಗಳು ಎರಡು ಬದಿಯಾಗಿ ಸರದಿಯಂತೆ ದುಡಿಯುವ ಪುಷ್-ಪುಲ್ ಗಿಟಾರ್ ಆಂಪ್‌ಗಳಿಗೆ 60ರಿಂದ 70 ಪ್ರತಿಶತ ರೂಢಿ. 65 ಎಂದು ಹಿಡಿದರೆ ಲೆಕ್ಕ ಸುಲಭ.

ಪ್ಲೇಟ್‌ನಲ್ಲಿ, ಅಂದರೆ ಮೂರನೇ ಪಿನ್ನಿನಲ್ಲಿ, 470 ವೋಲ್ಟ್ ಇದೆ ಎನ್ನೋಣ. ಇಎಲ್34ರ 25 ವ್ಯಾಟ್‌ನ 65 ಪ್ರತಿಶತ 16.25 ವ್ಯಾಟ್, ಅದನ್ನು 470ರಿಂದ ಭಾಗಿಸಿದರೆ ಒಂದು ಟ್ಯೂಬಿಗೆ ಸುಮಾರು 35 ಮಿಲಿಆಂಪಿಯರ್. 6ಎಲ್6ಜಿಸಿಗೆ 19.5 ವ್ಯಾಟ್, ಅಂದರೆ 41ರಿಂದ 42 ಮಿಲಿಆಂಪಿಯರ್. ಕೆಟಿ88ಕ್ಕೆ ಇದೇ ಲೆಕ್ಕ ಹಾಕಿದರೆ 58 ಬರುತ್ತದೆ. ಅಷ್ಟು ಹರಿಸಿದರೆ ಇಎಲ್34ಗಾಗಿ ಮಾಡಿದ ಟ್ರಾನ್ಸ್‌ಫಾರ್ಮರ್ ಬೇಯುತ್ತದೆ. ಅದನ್ನು 45ರ ಆಸುಪಾಸಿನಲ್ಲೇ ನಿಲ್ಲಿಸುವುದು ಕ್ಷೇಮ. ಬಯಾಸ್ ತಿರುಗಿಸಿದಂತೆ ಪ್ಲೇಟ್ ವೋಲ್ಟೇಜೂ ಸ್ವಲ್ಪ ಬದಲಾಗುವುದರಿಂದ ಎರಡನ್ನೂ ಒಂದಾದ ಮೇಲೊಂದು ಎರಡು ಮೂರು ಸಲ ಅಳೆದು ಹೊಂದಿಸಬೇಕು.

ಪ್ರವಾಹ ಅಳೆಯಲು ಕ್ಯಾಥೋಡ್ ದಾರಿಯಲ್ಲಿ ಒಂದು ಓಮ್ ರೆಸಿಸ್ಟರ್ ಇದ್ದರೆ ಸಾಕು: ಅದರ ಮೇಲೆ ಮೀಟರ್ ತೋರಿಸುವ ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿಆಂಪಿಯರ್. ಟ್ಯೂಬ್ ಮತ್ತು ಸಾಕೆಟ್ ನಡುವೆ ಕೂರಿಸುವ ಬಯಾಸ್ ಪ್ರೋಬ್ ಮಾಡುವುದೂ ಇದನ್ನೇ, ಚಾಸಿ ಬಿಚ್ಚುವ ಅಪಾಯವಿಲ್ಲ. ಕ್ಯಾಥೋಡ್ ಪ್ರವಾಹದಲ್ಲಿ ಸ್ಕ್ರೀನ್ ಗ್ರಿಡ್‌ನ ಕೆಲವು ಮಿಲಿಆಂಪಿಯರ್ ಸೇರಿರುತ್ತದೆ, ಅದನ್ನು ಕಳೆದು ನೋಡಬೇಕು. ಟ್ಯೂಬ್‌ಗಳನ್ನು ಹಾಕಿ ಇಪ್ಪತ್ತು ನಿಮಿಷ ಕಾಯಿಸಿದ ಮೇಲಿನ ಅಂಕಿಯನ್ನೇ ಬರೆದುಕೊಳ್ಳಬೇಕು; ಹಚ್ಚಿದ ಕೂಡಲೇ ಸಿಗುವ ಅಂಕಿ ನಿಲ್ಲುವುದಿಲ್ಲ.

ಗೋಡೆಯ ವೋಲ್ಟೇಜ್ ಮತ್ತೆ ಬರುವುದು ಇಲ್ಲಿಯೇ. ಆಂಪ್‌ನ ಎಲ್ಲ ವೋಲ್ಟೇಜ್‌ಗಳೂ ಒಟ್ಟಿಗೆ ಏರಿದಾಗ ಟ್ಯೂಬಿನ ಪ್ರವಾಹ ಅದರ ಒಂದೂವರೆ ಘಾತದಲ್ಲಿ, ಶಾಖ ಎರಡೂವರೆ ಘಾತದಲ್ಲಿ ಏರುತ್ತದೆ. ಲೋ ವೋಲ್ಟೇಜ್ ಇರುವ ಸಂಜೆ, ಗೋಡೆಯಲ್ಲಿ 210 ಇದ್ದಾಗ 65 ಪ್ರತಿಶತಕ್ಕೆ ಬಯಾಸ್ ಮಾಡಿ ಮುಗಿಸಿದರೆ, 230 ಬಂದಾಗ ಅದೇ ಟ್ಯೂಬ್ 82 ಪ್ರತಿಶತದಲ್ಲಿ ಓಡುತ್ತದೆ. ರಾತ್ರಿ 250ಕ್ಕೆ ಏರಿದರೆ ನೂರು ಪ್ರತಿಶತ. ಅಂದರೆ ಯಾರೂ ತಂತಿ ಮುಟ್ಟದಿದ್ದರೂ ಟ್ಯೂಬ್ ತನ್ನ ಮಿತಿಯ ಅಂಚಿನಲ್ಲಿ ಬೇಯುತ್ತಿರುತ್ತದೆ. ಮಿತಿ ದಾಟಿದರೆ, ದೀಪ ಆರಿಸಿ ನೋಡಿದಾಗ ಬೂದು ಬಣ್ಣದ ಪ್ಲೇಟಿನ ಮಧ್ಯೆ ಮಂದವಾದ ಕೆಂಪು ಮಚ್ಚೆ ಕಾಣಿಸಿಕೊಂಡು ಹರಡುತ್ತದೆ. ಕಂಡ ಕೂಡಲೇ ಆಫ್ ಮಾಡಬೇಕು. ಗಾಜಿನ ಒಳಮೈಯಲ್ಲಿ ಕಾಣುವ ತಿಳಿ ನೀಲಿ ಹೊಳಪಿಗೆ ಹೆದರಬೇಕಾಗಿಲ್ಲ, ಅದು ಸಹಜ. ಪ್ಲೇಟುಗಳ ಒಳಗಿನಿಂದ ಗುಲಾಬಿ ಅಥವಾ ನೇರಳೆ ಮಂಜು ಏಳುತ್ತಿದ್ದರೆ ಮಾತ್ರ ಒಳಗೆ ಅನಿಲ ಸೇರಿದೆ. ತೆಂಗಿನ ಸೀಮೆಯ ಮನೆಗಳಲ್ಲಿ ಸ್ಟೆಬಿಲೈಸರ್ ಇಲ್ಲದೆ ಆಂಪ್ ಬಳಸುವವರು ದಿನದ ಅತಿ ಹೆಚ್ಚು ವೋಲ್ಟೇಜ್ ಇರುವ ಹೊತ್ತಿನಲ್ಲೇ ಬಯಾಸ್ ಮಾಡಬೇಕೆನ್ನುವುದು ಇದಕ್ಕೇ.

ಸೆಟ್ಟಿನ ಟ್ಯೂಬ್‌ಗಳು ಪರಸ್ಪರ ಹೊಂದಿದ್ದೂ ಮುಖ್ಯ. ಪುಷ್-ಪುಲ್ ಆಂಪ್‌ನಲ್ಲಿ ಎರಡು ಬದಿಯ ಪ್ರವಾಹ ಸಮ ಇದ್ದಾಗ ಸಪ್ಲೈಯ ಗುಂಯ್ ಸದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತದೆ. ಹೊಸ ಸೆಟ್ ಹಾಕಿದ ಮೇಲೆ ಗುಂಯ್ ಹೆಚ್ಚಾದರೆ ದೂರಬೇಕಾದ್ದು ಜಾತಿಯನ್ನಲ್ಲ, ಜೋಡಿಯನ್ನು. ಪ್ರತಿ ಟ್ಯೂಬಿನ ಬುಡಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಯಾವುದು ಯಾವ ಸಾಕೆಟ್ಟಿನಲ್ಲಿ ಎಷ್ಟು ತೋರಿಸಿತು ಎಂದು ಪುಸ್ತಕದಲ್ಲಿ ಬರೆದಿಡಬೇಕು.

ಸದ್ದಿನ ಮಟ್ಟ ಸಮ ಮಾಡುವುದು

ಕಿವಿಗೆ ಜೋರಾಗಿದ್ದದ್ದು ಚೆನ್ನಾಗಿಯೂ ಕೇಳುತ್ತದೆ. ಒಂದು ಡೆಸಿಬೆಲ್ ಹೆಚ್ಚಿದ್ದರೆ ಅದು ಜೋರು ಎಂದು ಹೊಳೆಯುವುದಿಲ್ಲ, ದನಿ ತುಂಬಿಕೊಂಡಿದೆ ಎನಿಸುತ್ತದೆ. ಇಎಲ್34ರ ಟ್ರಾನ್ಸ್‌ಕಂಡಕ್ಟೆನ್ಸ್, ಅಂದರೆ ಗ್ರಿಡ್ ವೋಲ್ಟೇಜ್ ಬದಲಾದಂತೆ ಪ್ರವಾಹ ಬದಲಾಗುವ ಪ್ರಮಾಣ, ಒಂದು ವೋಲ್ಟ್‌ಗೆ ಸುಮಾರು 11 ಮಿಲಿಆಂಪಿಯರ್. 6ಎಲ್6ಜಿಸಿಯದು ಅದರ ಅರ್ಧದಷ್ಟು. ಹಾಗಾಗಿ ಮಾಸ್ಟರ್ ಗುಬ್ಬಿಯನ್ನು ಅದೇ ಅಂಕಿಯಲ್ಲಿಟ್ಟು ಟ್ಯೂಬ್ ಬದಲಿಸಿದರೆ ಇಎಲ್34 ಮುಂದೆ ಬಂದಂತೆ ಕೇಳುವುದು ಖಂಡಿತ. ಅದರಲ್ಲಿ ಎಷ್ಟು ಪಾಲು ಸ್ವಭಾವ, ಎಷ್ಟು ಪಾಲು ಬರೀ ಜೋರು ಎಂದು ಬೇರ್ಪಡಿಸದಿದ್ದರೆ ಹೋಲಿಕೆ ವ್ಯರ್ಥ.

ಇದಕ್ಕೆ ಮೊಬೈಲಿನ ಸೌಂಡ್ ಮೀಟರ್ ಆಪ್ ಸಾಕು, ಏಕೆಂದರೆ ಬೇಕಿರುವುದು ವ್ಯತ್ಯಾಸವೇ ಹೊರತು ನಿಖರ ಅಂಕಿಯಲ್ಲ. ಫೋನನ್ನು ಸ್ಪೀಕರಿನ ಮುಂದೆ ಒಂದು ಮೀಟರ್ ದೂರದಲ್ಲಿ ಸ್ಟ್ಯಾಂಡಿಗೆ ಕಟ್ಟಿ, ಪಿಂಕ್ ನಾಯ್ಸ್ ಎಂಬ ಭೋರೆನ್ನುವ ಪರೀಕ್ಷಾ ಸದ್ದು ಹಾಕಿ, ಪ್ರತಿ ಸೆಟ್ ಬದಲಿಸಿದಾಗಲೂ ಅರ್ಧ ಡೆಸಿಬೆಲ್ ಒಳಗೆ ಮಾಸ್ಟರ್ ಹೊಂದಿಸಬೇಕು.

ನುಡಿಸುವ ಕೈ ಪ್ರತಿ ಸಲ ಒಂದೇ ರೀತಿ ನುಡಿಸುವುದಿಲ್ಲವಾದ್ದರಿಂದ ಒಂದು ರಿಫನ್ನು ಒಮ್ಮೆ ರೆಕಾರ್ಡ್ ಮಾಡಿಕೊಂಡು ಅದನ್ನೇ ಮತ್ತೆ ಮತ್ತೆ ಕಳಿಸಬೇಕು. ಲೂಪರ್ ಪೆಡಲ್ ಇದ್ದರೂ ಆದೀತು. ಆಂಪ್‌ಗೆ ಎಫೆಕ್ಟ್ಸ್ ಲೂಪ್ ಇದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಸೆಂಡ್ ಜಾಕಿನಿಂದ ಪ್ರೀಆಂಪ್‌ನ ದನಿಯನ್ನು ರೆಕಾರ್ಡ್ ಮಾಡಿ, ರಿಟರ್ನ್ ಜಾಕಿಗೆ ಹಾಕುವುದು. ಆಗ 12ಎಎಕ್ಸ್7ಗಳ ಗೇನ್ ಹಂತಗಳೆಲ್ಲ ಹೊರಗುಳಿದು, ಸಿಗ್ನಲ್ಲನ್ನು ಎರಡು ಬದಿಗೆ ಹಂಚುವ ಫೇಸ್ ಇನ್ವರ್ಟರ್ ಮತ್ತು ಪವರ್ ಟ್ಯೂಬ್ ಮಾತ್ರ ಪರೀಕ್ಷೆಗೆ ಒಳಗಾಗುತ್ತವೆ. ಹೈ-ಗೇನ್ ಆಂಪ್‌ನಲ್ಲಿ ಪವರ್ ಟ್ಯೂಬಿನ ಪಾಲನ್ನು ಬೇರೆಯಾಗಿ ಕೇಳಲು ಇದಕ್ಕಿಂತ ಶುದ್ಧವಾದ ವಿಧಾನ ಇಲ್ಲ.

ಕೋಣೆಯೂ ಮೋಸ ಮಾಡುತ್ತದೆ. ಹನ್ನೆರಡು ಅಡಿ ಉದ್ದದ ಕೋಣೆ 47 ಮತ್ತು 94 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಹಿಗ್ಗಿಸುತ್ತದೆ. ಗಿಟಾರಿನ ದಪ್ಪ ತಂತಿ ನುಡಿಯುವುದು 82 ಹರ್ಟ್ಸ್‌ನಲ್ಲಿ. ಎರಡು ಹೆಜ್ಜೆ ಆಚೀಚೆ ನಿಂತರೂ ಕೆಳಸ್ವರ ಬೇರೆಯಾಗಿ ಕೇಳುತ್ತದೆ. ಬರಿಗೋಡೆಯ ಆರ್‌ಸಿಸಿ ಕೋಣೆಗಿಂತ ಕೊಬ್ಬರಿಗೆಂದು ಕಾಯಿ ತುಂಬಿದ ಅಟ್ಟದ ಕೆಳಗಿನ ಹಳೆಯ ಮನೆ ಇದಕ್ಕೆ ವಾಸಿ. ಅಕ್ಕಪಕ್ಕದವರಿಗೆ ತೊಂದರೆಯಾಗದಿದ್ದರೆ ತೋಟದ ಬಯಲು ಎಲ್ಲಕ್ಕಿಂತ ಉತ್ತಮ, ಅಲ್ಲಿ ಮರಳಿ ಬಡಿಯುವ ಗೋಡೆಯಿಲ್ಲ. ಎಲ್ಲಿಯೇ ಆದರೂ ಕೂರುವ ಜಾಗ, ಮೈಕಿನ ಜಾಗ ಗುರುತು ಹಾಕಿಟ್ಟುಕೊಳ್ಳಬೇಕು. ನೂರು ವ್ಯಾಟ್ ಆಂಪ್ ಎದುರು ಕಿವಿಗೆ ಪ್ಲಗ್ ಬೇಕೇ ಬೇಕು.

ಏನನ್ನು ಕೇಳಬೇಕು

ಅಂಗೈ ಒತ್ತಿ ದಪ್ಪ ತಂತಿಗಳನ್ನು ಬಿರುಸಾಗಿ ಬಾರಿಸುವ ಪಾಮ್ ಮ್ಯೂಟ್ ಮೊದಲ ಪರೀಕ್ಷೆ. ಪ್ರತಿ ಏಟೂ ಬಿಡಿಬಿಡಿಯಾಗಿ ಕೇಳುತ್ತಿದೆಯೋ, ಒಂದರ ಬಾಲ ಇನ್ನೊಂದರೊಳಗೆ ಸೇರುತ್ತಿದೆಯೋ ನೋಡಬೇಕು. ಆಮೇಲೆ ತೆರೆದ ಕಾರ್ಡ್ ಒಂದನ್ನು ಬಾರಿಸಿ ಅದು ಆರುವವರೆಗೂ ಬಿಡುವುದು. ಮೂರು ನಾಲ್ಕು ಸ್ವರಗಳು ಬೇರೆಬೇರೆಯಾಗಿ ಉಳಿಯುತ್ತವೆಯೇ ಎಂಬುದು ಇಲ್ಲಿ ತಿಳಿಯುತ್ತದೆ. ಸಣ್ಣ ತಂತಿಯ ಮೇಲೆ ಎಳೆದು ನುಡಿಸುವ ಒಂಟಿ ಸ್ವರ ಕಿವಿ ಚುಚ್ಚುತ್ತದೆಯೇ, ಹಾಡುತ್ತದೆಯೇ ಎಂಬುದು ಮೂರನೆಯದು. ಕೊನೆಗೆ ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ ಬರೀ ಮೌನ ಕೇಳಬೇಕು.

ಇವನ್ನು ಮನೆಯ ಮಟ್ಟದಲ್ಲಿ ಒಮ್ಮೆ, ತಂಡದ ಜೊತೆ ನುಡಿಸುವ ಮಟ್ಟದಲ್ಲಿ ಒಮ್ಮೆ ಮಾಡಬೇಕು. ಮಾಸ್ಟರ್ ಕೆಳಗಿರುವಾಗ ಪವರ್ ಟ್ಯೂಬ್‌ಗಳು ಆರಾಮಾಗಿ ಕೆಲಸ ಮಾಡುತ್ತವೆ, ಜಾತಿಗಳ ನಡುವಿನ ವ್ಯತ್ಯಾಸ ಬಹಳ ಕಡಿಮೆ. ಮಲಗುವ ಕೋಣೆಯಲ್ಲಿ ಮಾತ್ರ ನುಡಿಸುವವರು ದುಬಾರಿ ಸೆಟ್‌ಗೆ ಹಣ ಹಾಕುವ ಅಗತ್ಯವಿಲ್ಲ ಎಂದು ಸ್ಪಷ್ಟವಾಗಿ ಹೇಳಬಹುದು. ಪ್ರೆಸೆನ್ಸ್, ರೆಸೊನೆನ್ಸ್ ಗುಬ್ಬಿಗಳನ್ನು ಮೊದಲ ಸುತ್ತಿನಲ್ಲಿ ಮುಟ್ಟಬಾರದು. ಅವು ಪವರ್ ಹಂತದ ನೆಗೆಟಿವ್ ಫೀಡ್‌ಬ್ಯಾಕ್ ಮೇಲೆ ಕೆಲಸ ಮಾಡುವಂಥವು, ಟ್ಯೂಬ್ ಬದಲಾದರೆ ಅವುಗಳ ಪ್ರಭಾವವೂ ಬದಲಾಗುತ್ತದೆ. ಎರಡನೇ ಸುತ್ತಿನಲ್ಲಿ ಪ್ರತಿ ಸೆಟ್ಟಿಗೂ ಅತಿ ಚೆನ್ನಾಗಿ ಒಪ್ಪುವಂತೆ ಇವನ್ನು ತಿರುಗಿಸಿ ಮತ್ತೆ ಹೋಲಿಸಬೇಕು. ಮೊದಲ ಸುತ್ತಿನಲ್ಲಿ ಕಂಡ ಅಂತರ ಇಲ್ಲಿ ಮುಚ್ಚಿಹೋದರೆ, ಆ ಆಂಪ್‌ಗೆ ಬೇಕಿದ್ದದ್ದು ಹೊಸ ಟ್ಯೂಬ್ ಅಲ್ಲ, ಗುಬ್ಬಿಯನ್ನು ಸ್ವಲ್ಪ ತಿರುಗಿಸುವುದು.

ಯಾವ ಸೆಟ್ ಎಂದು ಗೊತ್ತಿಲ್ಲದೆ ಕೇಳುವುದು ಕಡ್ಡಾಯ. ಬಿಸಿ ಟ್ಯೂಬ್ ಕಿತ್ತು ತಣ್ಣಗಾಗಿಸಿ ಹೊಸದು ಹಾಕಿ ಕಾಯಿಸುವ ಹೊತ್ತಿಗೆ ಕಿವಿಯ ನೆನಪು ಅಳಿಸಿರುತ್ತದೆ. ಹಾಗಾಗಿ ಪ್ರತಿ ಸೆಟ್ಟಿನ ದನಿಯನ್ನೂ ಅದೇ ಮೈಕಿನಲ್ಲಿ ಹಿಡಿದು, ಇನ್ನೊಬ್ಬರ ಕೈಯಲ್ಲಿ ಫೈಲ್‌ಗಳ ಹೆಸರು ಬದಲಿಸಿ ಹಾಕಿಸಿಕೊಂಡು ಕೇಳಬೇಕು. ಒಂದೇ ಫೈಲನ್ನು ಎರಡು ಹೆಸರಲ್ಲಿ ಸೇರಿಸಿಟ್ಟರೆ ಕೇಳುವವರ ಕಿವಿ ಎಷ್ಟು ನಂಬಿಕೆಗೆ ಅರ್ಹ ಎಂಬುದೂ ತಿಳಿಯುತ್ತದೆ. ಅನಿಸಿಕೆಯನ್ನು ಬರೆದಿಟ್ಟ ಮೇಲೆ ಮಾತ್ರ ಹೆಸರು ಬಿಚ್ಚಬೇಕು.

ಹೀಗೆ ನೋಡಿದಾಗ ಸಾಮಾನ್ಯವಾಗಿ ಸಿಗುವ ಚಿತ್ರ ಇಷ್ಟು. ಇಎಲ್34ರಲ್ಲಿ ನಡು-ಮೇಲಿನ ಸ್ವರಗಳು ಮುಂದೆ ಬರುತ್ತವೆ, ಬೇಗ ಒರಟಾಗುತ್ತದೆ, ಎರಡು ಗಿಟಾರ್ ಇರುವ ತಂಡದಲ್ಲಿ ಮುಳುಗದೆ ಕೇಳಿಸುತ್ತದೆ. 6ಎಲ್6ರಲ್ಲಿ ಕೆಳಸ್ವರ ಅಗಲ, ಮೇಲ್ಸ್ವರ ಸ್ವಚ್ಛ, ನಡು ಸ್ವಲ್ಪ ಹಿಂದೆ. ತಗ್ಗಿಸಿ ಶ್ರುತಿ ಮಾಡಿದ ಗಿಟಾರಿನ ರಿದಮ್‌ಗೆ ಒಪ್ಪುತ್ತದೆ. ಕೆಟಿ88, 6550 ದಣಿಯುವುದೇ ನಿಧಾನ. ಎಷ್ಟು ಜೋರಾದರೂ ಕೆಳಗೆ ಬಿಗಿ ಸಡಿಲುವುದಿಲ್ಲ, ಪ್ರೀಆಂಪ್‌ನ ಒರಟು ಹೇಗಿದೆಯೋ ಹಾಗೇ ಹೊರಬರುತ್ತದೆ. ಇಎಲ್84 ಆಂಪ್‌ಗಳು ಬೇಗ ಒತ್ತಡಕ್ಕೆ ಬಂದು ಕಂಪ್ರೆಸ್ ಆಗುತ್ತವೆ. ಒಂದೇ ಜಾತಿಯ ಎರಡು ಕಂಪನಿಗಳ ನಡುವೆ, ಬಯಾಸ್ ಮತ್ತು ಮಟ್ಟ ಸಮ ಇದ್ದಾಗ, ಉಳಿಯುವ ವ್ಯತ್ಯಾಸ ಸ್ಪೀಕರ್ ಬದಲಿಸಿದರೆ ಆಗುವ ವ್ಯತ್ಯಾಸದ ಹತ್ತಿರವೂ ಬರುವುದಿಲ್ಲ. ಕೈಯಲ್ಲಿರುವ ಹಣ ಒಂದೇ ಕೆಲಸಕ್ಕೆ ಸಾಕಾಗುವಂತಿದ್ದರೆ ಮೊದಲು ಸ್ಟೆಬಿಲೈಸರ್, ಆಮೇಲೆ ಸ್ಪೀಕರ್, ಟ್ಯೂಬ್ ಮೂರನೆಯದು.

ಸೆಟ್ ಆರಿಸಿದ ಮೇಲೆ

ಆರಿಸಿದ ಸೆಟ್ಟನ್ನು ಹಾಕಿ ಬಯಾಸ್ ಮತ್ತೊಮ್ಮೆ ನೋಡಬೇಕು. ಹೊಸ ಟ್ಯೂಬ್‌ಗಳ ಪ್ರವಾಹ ಮೊದಲ ಕೆಲವು ಗಂಟೆಗಳಲ್ಲಿ ಅಲ್ಪಸ್ವಲ್ಪ ಸರಿದಾಡುತ್ತದೆ. ಇಎಲ್34ರ ಸ್ಕ್ರೀನ್ ಗ್ರಿಡ್ ಸೂಕ್ಷ್ಮ. ಪ್ರತಿ ಟ್ಯೂಬಿಗೂ 1 ಕಿಲೋಓಮ್, 5 ವ್ಯಾಟ್‌ನ ಸ್ಕ್ರೀನ್ ರೆಸಿಸ್ಟರ್ ಸರಿಯಾಗಿದೆಯೇ ಎಂದು ಮೆಕ್ಯಾನಿಕ್‌ನಿಂದ ನೋಡಿಸುವುದು ಒಳ್ಳೆಯದು. ಜಾತ್ರೆ, ಗಣೇಶನ ಪೆಂಡಾಲಿನ ವೇದಿಕೆಗೆ ಆಂಪ್ ಒಯ್ಯುವಾಗ ಟ್ಯೂಬ್ ತಣ್ಣಗಾಗುವವರೆಗೆ ಕಾಯಬೇಕು, ಕಾದ ಟ್ಯೂಬಿನ ಒಳಭಾಗ ಗಾಡಿಯ ಕುಲುಕಿಗೆ ಸುಲಭವಾಗಿ ಸಡಿಲುತ್ತದೆ. ವೇದಿಕೆಯಲ್ಲಿ ಸೀರಿಯಲ್ ಸೆಟ್ ಮತ್ತು ಡಿಮ್ಮರ್ ಇರುವ ಲೈನು ಬಿಟ್ಟು ಬೇರೆ ಲೈನಿನಿಂದ ಆಂಪ್‌ಗೆ ಕರೆಂಟು ಕೇಳಬೇಕು. ಜನರೇಟರ್ ಆದರೆ ಹಚ್ಚುವ ಮೊದಲು ಮೀಟರ್.

ಟ್ಯೂಬ್ ಮುದಿಯಾದದ್ದು ಕೆಳಸ್ವರ ಸಡಿಲವಾಗುವುದರಲ್ಲಿ, ಸದ್ದು ಮಂಕಾಗುವುದರಲ್ಲಿ, ಬಯಾಸ್ ಪ್ರವಾಹ ಬರೆದಿಟ್ಟ ಅಂಕಿಗಿಂತ ಇಳಿಯುತ್ತಾ ಹೋಗುವುದರಲ್ಲಿ ತಿಳಿಯುತ್ತದೆ. ಒಂದು ಹೋದರೆ ಆ ಜೋಡಿಯನ್ನೇ ಬದಲಿಸಬೇಕು. ಫ್ಯೂಸ್ ಹಾರಿದ್ದರೆ ಅದೇ ಅಳತೆಯದನ್ನೇ ಹಾಕಬೇಕು, ತಂತಿ ಸುತ್ತಿ ಹಾಕುವ ರೂಢಿ ಟ್ಯೂಬ್ ಆಂಪ್‌ನಲ್ಲಿ ಟ್ರಾನ್ಸ್‌ಫಾರ್ಮರನ್ನೇ ಬಲಿ ತೆಗೆದುಕೊಳ್ಳುತ್ತದೆ. ಕಿತ್ತಿಟ್ಟ ಹಳೆಯ ಸೆಟ್ ಕೆಲಸ ಮಾಡುವಂತಿದ್ದರೆ ಅದರ ಬಯಾಸ್ ಅಂಕಿ, ಅಳೆದಾಗಿನ ಗೋಡೆಯ ವೋಲ್ಟೇಜ್ ಎರಡನ್ನೂ ಡಬ್ಬಿಯ ಮೇಲೆ ಬರೆದು, ಎರಡು ಫ್ಯೂಸ್ ಜೊತೆಗೆ ಆಂಪ್‌ನ ಚೀಲದಲ್ಲೇ ಇಟ್ಟಿರಬೇಕು.